ಬಿಳಿ ಪರದೆ

ನಗಬಾರದು. ಎರಡೂ ಕಿವಿ ಕಾಣಬೇಕು.
ಹಿಂದ ಬಿಳಿ ಪರದೆ, ಅದರ ಮ್ಯಾಲ ನೆರಳು ಬೀಳಬಾರದು.
ವೀಸಾ ಫೋಟೋದ ಕಾನೂನು ಇಷ್ಟೇ.
ಗದಗಿನ ಮುಳಗುಂದ ನಾಕಾದ ನನ್ನ ಸ್ಟುಡಿಯೋದಾಗ
ಮೂವತ್ತೊಂದು ವರ್ಷ ಇದನ್ನ ಹೇಳಿಕೋತ ಬಂದೀನಿ,
ಹಜ್‌ಗೆ ಹೊಂಟವರಿಗೆ, ದುಬೈಗೆ ಹೊಂಟ ವೆಲ್ಡರಗೋಳಿಗೆ,
ಮತ್ತ ಮೂರು ಸಲ
ತುಳಜಾ ಮೇರವಾಡೆಗೆ.

ಬೆಟಗೇರಿಯಾಕಿ. ರೈಲ್ವೆ ಅಂಚೆಯೊಳಗ
ರಾತ್ರಿಪಾಳಿ ಕಾಗದ ವಿಂಗಡಿಸೂ ಕೆಲಸ.
ಯಾವ ಊರಿನ ಪಿನ್‌ಕೋಡ್ ಕೇಳಿದ್ರೂ ನಿದ್ದಿಗಣ್ಣಾಗ ಹೇಳಾಕಿ.
ರಜಾ ಕೂಡಿಸಿಟ್ಟು ಹೋಗತಿದ್ಲು,
ಊಟಿಗಲ್ಲ, ಕಾಶಿಗಲ್ಲ,
ಕ್ಯಾಮೆರಾ ಹೊರಗ ತಗದ್ರ ಕೈಗೆ ಕೋಳ ಬೀಳೂ ದೇಶಕ್ಕ.
ದೇಶದ ಹೆಸರು ಹೇಳೂದಿಲ್ಲ. ಹೇಳಿದ್ರ
‘ಹಾಂ, ಅಲ್ಲೇನು’ ಅಂದು ನಿಮಗ ಸಮಾಧಾನ ಆಗತೈತಿ.

ಯಾಕವ್ವಾ ಅಂತ ಕೇಳಿದೆ ಮೊದಲನೇ ಸಲ.
“ಅಲ್ಲಿಗೆ ಬರದ ಕಾಗದ ಹೊಳ್ಳಿ ಬರತಾವ್ರಿ,
ಇಪ್ಪತ್ತು ವರ್ಷ ನೋಡೇನಿ.
ಒಂದರ ಮ್ಯಾಲೂ ಕಾರಣ ಇರಂಗಿಲ್ಲ.
ಬರೇ ಒಂದು ಚೌಕದ ಶಿಕ್ಕಾ.”
ನಂಬಿದೆ.
ಎರಡನೇ ಸಲ ಬ್ಯಾರೆ ಹೇಳಿದ್ಲು:
“ನಾ ಎಷ್ಟು ಅಂಜುಬುರುಕಿ ಅಂತ ತೂಗೂ ತಕ್ಕಡಿ
ನಮ್ಮ ಗ್ರೇನ್ ಮಾರ್ಕೆಟ್‌ನ್ಯಾಗ ಸಿಗಲಿಲ್ಲ.”
ಅದನ್ನೂ ನಂಬಿದೆ. ನಂಬೂದು ಸಸ್ತಾ.

ಮಂದಿ ಏನೇನೋ ಅಂದ್ರು.
ಬದನಿಕಾಯಿ ಭಜಿ ಅಂಗಡಿ ಮುಂದ: ಸೊಕ್ಕು.
ತಮ್ಮ ಗಣಪತಸಾ: ಮನ್ಯಾಗ ತ್ರಾಸ ಇರಲಿಲ್ಲ ನೋಡ್ರಿ, ಅದಕ್ಕ.
ಅಂಚೆ ಇಲಾಖೆ: ಅನುಮತಿ ಇಲ್ಲದ ಗೈರುಹಾಜರಿ.
ನಾನೂ ಅಂದೆ, ಸುಳ್ಳ್ಯಾಕ ಹೇಳಲಿ,
ಉರಿಯೂ ಒಲ್ಯಾಗ ಕೈ ಇಟ್ಟು
ಸುಡತೈತೇನು ಅಂತ ನೋಡೂದು ಎಂಥಾ ಶ್ಯಾಣ್ಯಾತನ?

ಎರಡನೇ ಸಲ ಹೋದಾಕಿ ಏನು ಮಾಡಿದ್ಲು ಅಂದ್ರ,
ಅಲ್ಲಿನ ದೊಡ್ಡ ಅಂಚೆ ಕಚೇರಿ ಮೆಟ್ಟಿಲ ಮ್ಯಾಲ ನಿಂತು
ಹೊಳ್ಳಿ ಬಂದ ಲಕೋಟಿ ಮ್ಯಾಲಿನ ಹೆಸರು
ಜೋರಲೇ ಓದಿದ್ಲಂತ. ಒಂದೇ ಹೆಸರು. ಎರಡು ಸಲ.
ಮೂರನೇದು ಬಾಯಾಗ ಇರೂದ್ರಾಗ ಜೀಪು ಬಂತು.
ಹತ್ತೊಂಬತ್ತು ತಿಂಗಳು.

ಮೂರನೇ ಫೋಟೋಕ್ಕ ಬಂದಾಗ ಆಷಾಢದ ಗಾಳಿ
ಕಪ್ಪತಗುಡ್ಡದ ಕಡೆಯಿಂದ ಬಂದು
ಷಟರ್ ಬಡಿದು ಬಡಿದು ಹೋಗತಿತ್ತು.
ಕೂದಲು ಬೆಳ್ಳಗಾಗಿ ಪರದೆಯೊಳಗ ಕೂಡಿಹೋಗಿತ್ತು.
ತಲಿ ಎಲ್ಲಿಗೆ ಮುಗೀತು ಅಂತ ತಿಳೀಲಾರದ
ಎರಡು ಸಲ ಲೈಟು ಸರಿಸಿದೆ.
ಷಟರ್ ಬಡಿದಾಗ ಆಕಿ ಬೆಚ್ಚಲಿಲ್ಲ. ನಾ ಬೆಚ್ಚಿದೆ.

ಮತ್ತ ಹೊಂಟೀರೇನು? “ಹೂಂ.”
ಆ ಹೆಸರಿನವರು ಸಿಕ್ಕರೇನು?
“ಇಲ್ಲ. ಬಾಜೂ ಕೋಣ್ಯಾಗ ಒಬ್ಬಾಕಿ
ರಾತ್ರಿ ಗ್ವಾಡಿ ಕುಟ್ಟತಿದ್ಲು. ನಾನೂ ಕುಟ್ಟತಿದ್ದೆ.
ಅರ್ಥ ಏನೂ ಇಲ್ಲ. ಕಾಗದ ಮುಟ್ಟಿತು ಅಂತ, ಅಷ್ಟೇ.”

ಒಂದು ಹಳೇ ಮಾತು ನನ್ನ ಗಂಟಲತನಕ ಬಂತು.
ಗಿರಣಿ ಮುಂದ ಲಾಠಿ ನಡೆದ ದಿನ
ನನ್ನ ಕಡೆ ಒಂದು ರೋಲ್ ಇತ್ತು. ಮೂವತ್ತಾರು ಚಿತ್ರ.
ಸಾಹೇಬರು ಬಂದು ಕೇಳಿದ್ರು. ಕೊಟ್ಟೆ.
ಬೈಲಿಲ್ಲ, ಬಡೀಲಿಲ್ಲ,
ತರಿಸಿದ ಚಹಾದ ರೊಕ್ಕಾನೂ ತಾವೇ ಕೊಟ್ಟು ಹೋದ್ರು.
ಇದನ್ನ ಆಕಿಗೆ ಹೇಳಲಿಲ್ಲ.
ಗದ್ದ ಸ್ವಲ್ಪ ಮ್ಯಾಲ ಮಾಡ್ರಿ, ಅಂದೆ.

ರೊಕ್ಕ ಎಣಿಸಿಕೋತ ಆಕಿ ಒಳಗ ಹಣಿಕಿ ಹಾಕಿದ್ಲು.
ಬಳಕಿ ತಪ್ಪಿದ ಡಾರ್ಕ್‌ರೂಮು, ಸ್ಟೂಲು, ಕೆಂಪು ಬಲ್ಬು.
“ಇದರಾಗ ಎಷ್ಟೊತ್ತು ಇರತಿದ್ರಿ?”
ಮುಂಜಾನಿಂದ ಸಂಜಿತನಾ. ಲಗ್ಗನದ ಸೀಜನ್ನಿನ್ಯಾಗ ರಾತ್ರೀನೂ.
“ಚಿಲಕ?”
ಒಳಗಿಂದ ಹಾಕ್ಕೋತಿದ್ದೆ, ಬೆಳಕು ಬರಬಾರದಲ್ಲ.
“ಹೌದೇನು,” ಅಂದ್ಲು.
ಎಂಟು ಪ್ರತಿ ತಗೊಂಡು
ಹುಬ್ಬಳ್ಳಿ ಬಸ್ಸಿಗೆ ಹೊತ್ತಾತು ಅಂತ ಇಳಿದು ಹೋದ್ಲು.

ಷಟರ್ ಎಳದ ಮ್ಯಾಲ
ಆ ಚಿಲಕಕ್ಕ ಎಣ್ಣಿ ಬಿಟ್ಟು ನೋಡಿದೆ.
ತುಕ್ಕು.
ಸರದೂ ಸರೀಲಾರದಂಗ ಐತಿ.