ಕಾರಣದ ಕಾಲಂ

ಸಿಂಧನೂರಿನ ತಹಸೀಲ ಕಚೇರಿಯಲ್ಲಿ
ಪಾರುಲ್‌ಬಾಲಾಳ ಹೇಳಿಕೆ ಬರಕೊಂಡವ ನಾನೇ.

ಗಡಿ ದಾಟಿದ ವರ್ಷ? ಅರವತ್ನಾಲ್ಕು.
ಸಾಹೇಬರು ಕನ್ನಡಕ ತೆಗೆದರು:
"ಯುದ್ಧ ಆಗಿದ್ದು ಎಪ್ಪತ್ತೊಂದ್ರಾಗ.
ಅದಕ್ಕೂ ಮೊದ್ಲ ಯಾಕ ಓಡಿ ಬಂದ್ರಿ?"

ಆಕೆ ಮೇಜಿನ ಮೇಲೆ ಬೆರಳು ಬಡಿದಳು,
ಒಂದೇ ಸಲ, ಮೆಲ್ಲಗೆ.
"ರಾತ್ರಿ ಬಾಗಿಲಾ ಹಿಂಗ ಬಡದ್ರು.
ನಮಗ ಯುದ್ಧ ಅಂದ್ರ ಅಷ್ಟ ರೀ."

ಸರಕಾರ ಕೊಟ್ಟಿದ್ದು ಸುಳ್ಳಲ್ಲ:
ಐದೆಕರೆ ಎರಿಹೊಲ, ಜೋಡೆತ್ತು, ತಗಡಿನ ಸೂರು,
ಅನ್ನ ಉಂಬ ಬಾಯಿಗೆ ಜೋಳ.
ಗಂಡ ಎಡದಂಡೆ ಕಾಲುವೆಯಲ್ಲಿ
ತನ್ನೂರ ಮೀನು ಹುಡುಕುತ್ತಲೇ ಮುದುಕನಾಗಿ
ಅಲ್ಲೇ ದಂಡೆಗೆ ಮಣ್ಣಾದ.

ಫಾರಮಿನಲ್ಲಿ 'ಕಾರಣ' ಎಂಬಲ್ಲಿ
ಒಂದಿಂಚು ಜಾಗ.
ನಾನು ಬರೆದೆ: ಬಾಗಿಲು.

ಸಾಹೇಬರ ಹಸಿರು ಶಾಯಿ ಕೆಳಗೆ ಕೇಳಿತು:
ಯಾವ ಬಾಗಿಲು? ದಾಖಲೆ ಲಗತ್ತಿಸಿ.