ಕೆಳಗಿನ ಗಾಳಿ

ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡವರ ಕಥೆ
ನಾನೂ ಕೇಳಿದ್ದೇನೆ, ಎಲುನೆಡ್.
ನಿನ್ನದು ಅದರ ತಿರುಗಾಮುರುಗಾ:
ರಿಯೊ ಮಾಯೊದಿಂದ ಸಾರ್ಮಿಯೆಂತೊವರೆಗೆ
ದಾರಿಯುದ್ದಕ್ಕೂ ಗಾಳಿಯೇ ನಿನ್ನನ್ನು ಗುದ್ದುತ್ತದೆ.

ಅವತ್ತು ಹೆಲ್ಮೆಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟೆ ನೀನು.
ಬೋರಲು ಬಿದ್ದ ಪಾತ್ರೆಯ ಹಾಗೆ ಅದಿನ್ನೂ ನಡುಗುತ್ತಿತ್ತೋ,
ನಡುಗುತ್ತಿದ್ದುದು ನಿನ್ನ ಕೈಯೋ.
ಕುತ್ತಿಗೆ ತಿರುಗಿಸಲಾರದೆ ಇಡೀ ಮೈ ತಿರುಗಿಸಿ ಹೇಳಿದೆ:
"ರಸ್ತೆ ಎರಡಾಗಿ ಕಾಣುತ್ತದೆ, ಕಿಲಾಕೆಯೊ.
ಬೋರ್ಡು ಓದಲಾಗುವುದಿಲ್ಲ. ತಲೆಯೊಳಗೆ ಯಾರೋ
ಮರದ ಕೊಡತಿ ಬಡಿಯುತ್ತಾರೆ."

ಮೊದಲು ಎತ್ತರದ ಗಾಜು ಹಾಕಿದೆವು.
ಗೋಡೆ ಎತ್ತರಿಸಿದರೆ ಕಳ್ಳ ಬರುವುದಿಲ್ಲ
ಎಂಬ ಲೆಕ್ಕ. ಎಲ್ಲರೂ ಮಾಡುವ ತಪ್ಪು.
ಮೂರನೇ ದಿನ ವಾಪಸು ಬಂದೆ ನೀನು: ಈಗ ಎರಡು ಕೊಡತಿ.
ಗಿಡ್ಡ ಮಾಡೋಣವೆಂದು ನಾನು ಗರಗಸ ಹಿಡಿದೆ,
ಬೆರಳಗಲ ಕತ್ತರಿಸಿದೆ, ಇನ್ನೊಂದು ಬೆರಳಗಲ;
ಎದೆಗೆ ತಣ್ಣನೆ ಗಾಳಿ ಸಿಕ್ಕಿತು, ತಲೆಗೆ ಸುಖವಿಲ್ಲ.
ನನ್ನಪ್ಪ ಹೀಗೇ ಕುರ್ಚಿಯ ಕಾಲು ಸಮ ಮಾಡುತ್ತ ಮಾಡುತ್ತ
ಕೊನೆಗೆ ಮಣೆ ಮಾಡಿಟ್ಟಿದ್ದ.

ಆಗ ನೀನೇ ಜೇಬಿನಿಂದ ಉಣ್ಣೆ ತೆಗೆದದ್ದು.
ಕುರಿಯ ತುಪ್ಪಳ ಕತ್ತರಿಸುವವರಿಗೆ
ಧನುರ್ವಾಯು ಸೂಜಿ ಚುಚ್ಚಲು ಹೋದಲ್ಲೆಲ್ಲ
ನಿನ್ನ ಕೋಟಿನ ಜೇಬು ತುಂಬಿಕೊಳ್ಳುವ ಉಣ್ಣೆ.
ಹೊಸೆದು ಹೊಸೆದು ಗೇಣುದ್ದದ ಹದಿನಾಲ್ಕು ಎಳೆ;
ಗಾಜಿನ ಅಂಚಿಗೆ, ಟ್ಯಾಂಕಿಗೆ, ಫೋರ್ಕಿನ ಕಾಲುಗಳಿಗೆ
ಟೇಪು ಹಚ್ಚಿ ಅಂಟಿಸಿದೆವು.
ನೀನು ಓಡಿಸಿದೆ. ಪಕ್ಕದಲ್ಲೇ ನನ್ನ ಮುರುಕು ಪಿಕಪ್ಪು,
ಸ್ಟೀರಿಂಗು ಹಿಡಿದವನು ಅಕ್ಕನ ಮಗ ನೆವೆನ್,
ನಾನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ
ಕಣ್ಣಲ್ಲಿ ಮಣ್ಣು, ಬಾಯಲ್ಲಿ ಮಣ್ಣು.

ಕಂಡಿತು.
ಮೇಲಿನ ಎಳೆಗಳು ಬಾಚಿದ ಕೂದಲಂತೆ ಹಿಂದಕ್ಕೆ ಮಲಗಿದ್ದವು.
ಕೆಳಗಿನವು, ಫೋರ್ಕಿನ ಸಂದಿಯವು,
ನೆಟ್ಟಗೆ ಆಕಾಶಕ್ಕೆ ನಿಂತು
ಸಿಟ್ಟು ಬಂದ ಬೆಕ್ಕಿನ ಬಾಲದಂತೆ ಹೊಡೆದುಕೊಳ್ಳುತ್ತಿದ್ದವು.
ಮೇಲಿನಿಂದ ಬಂದ ಗಾಳಿಯಲ್ಲ ಅದು;
ಮೊಣಕಾಲುಗಳ ನಡುವೆ ನುಸುಳಿ, ಹೊಟ್ಟೆ ಸವರಿ,
ಗಾಜಿನ ಬೆನ್ನ ಹಿಂದಿನ ಟೊಳ್ಳಿಗೆ ಏರಿ ಬರುವ ಗಾಳಿ.
ನಾವು ತಾರಸಿಗೆ ಬೀಗ ಜಡಿಯುತ್ತ ಕೂತಿದ್ದೆವು,
ಅದು ಹಿತ್ತಿಲ ಬಾಗಿಲಿಂದ ಬಂದು ಉಂಡು ಹೋಗುತ್ತಿತ್ತು.

ಹಳೆ ಶಾಲೆ ಬಸ್ಸಿನ ಅಕ್ರಿಲಿಕ್ ಕಿಟಕಿಯೊಂದಿತ್ತು ನನ್ನ ಬಳಿ,
ಮೂಲೆಯಲ್ಲಿ ಯಾರೋ ಮೊಳೆಯಿಂದ ಕೆತ್ತಿದ ಹೆಸರು: ರಮೋನ.
ಒಲೆಯ ಮುಂದೆ ಬಿಸಿ ಮಾಡಿ, ಗೋಣಿ ಹಾಸಿದ ತೊಡೆಯ ಮೇಲೆ ಬಗ್ಗಿಸಿ
ಅಂಗೈಯಗಲದ ಎರಡು ರೆಕ್ಕೆ, ಫೋರ್ಕಿನ ಕಾಲಿಗೊಂದೊಂದು.
ಮೇಲಿನ ಗಾಜನ್ನು ಎರಡು ಬೆರಳು ಮುಂದಕ್ಕೆ ವಾಲಿಸಿ
ಬುಡದಲ್ಲಿ ಒಂದಿಷ್ಟು ಸಂದಿ ಬಿಟ್ಟೆ.
ಪೂರ್ತಿ ಅಡ್ಡಗಟ್ಟಿದರೆ ಗಾಳಿ ಸುಳಿ ತಿರುಗಿ ಕಚ್ಚುತ್ತದೆ,
ಚೂರು ದಾರಿ ಕೊಟ್ಟರೆ ತನ್ನ ಪಾಡಿಗೆ ಹೋಗುತ್ತದೆ.
ಮದುವೆಗೂ ಇದೇ ಮಾತು ಅಂದ ನೆವೆನ್.
ಅವನಿಗಿನ್ನೂ ಹತ್ತೊಂಬತ್ತು.

ಪಡುವಣ ಗಾಳಿ ನಿಂತಿತೇ? ನಿಲ್ಲುವುದಿಲ್ಲ.
ಕುರಿಗಳು ಅದಕ್ಕೆ ಬೆನ್ನು ಕೊಟ್ಟು ಮೇಯುತ್ತವೆ,
ನೀನು ಇಲ್ಲಿರುವತನಕ ಓರೆಯಾಗಿಯೇ ಓಡಿಸುತ್ತೀಯೆ.
ಆದರೆ ಕೊಡತಿ ನಿಂತಿತು.
ದಾರಿಯಲ್ಲಿ ಗಾಡಿ ನಿಲ್ಲಿಸಿ ಫೋನು ಮಾಡಿದೆ ನೀನು,
ಓಡಿಸುತ್ತಲೇ ಓದಿದ ಬೋರ್ಡುಗಳನ್ನೆಲ್ಲ ಒಪ್ಪಿಸಿದೆ,
ಅವಕ್ಕೆ ಯಾರೋ ಗುಂಡು ಹೊಡೆದ ತೂತುಗಳ ಲೆಕ್ಕ ಸಮೇತ.

ಇವತ್ತು ಮತ್ತೆ ಬಂದಿದ್ದೀಯೆ.
ಕುತ್ತಿಗೆ ಸಲೀಸಾಗಿ ತಿರುಗುತ್ತಿದೆ, ಮುಖ ಮಾತ್ರ ಗಂಟು.
"ಎಡಗಡೆ ಏನೋ ಟಿಕ್ ಟಿಕ್ ಅನ್ನುತ್ತಿದೆ.
ನಿನ್ನ ರೆಕ್ಕೆ ಹಾಕಿದ ಮೇಲೇ ಶುರುವಾದದ್ದು."

ರೆಕ್ಕೆಯದಲ್ಲ. ವಾಲ್ವಿನದು.
ಎಷ್ಟೋ ವರ್ಷದಿಂದ ಹಾಗೇ ಅನ್ನುತ್ತಿತ್ತು ಪಾಪ,
ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು.
ಕೂತುಕೋ. ನೀರು ಕಾಯಲಿಡುತ್ತೇನೆ,
ಎಂಜಿನ್ನು ಆರಲಿ.