ಎಡಗಡೆಯ ಕಟಕ್

ಮೊದಲು ಕೇಳಿಸಿದ್ದು ನನಗಲ್ಲ, ಢಮಢೇರೆ ಬಾಯಿಗೆ.
ಐವತ್ತಾರರಲ್ಲಿ ಸ್ಟೀರಿಂಗ್ ಹಿಡಿದಾಕೆ.
ಹಡಪಸರದ ಓಣಿಯೊಳಗೆ ಮೂರನೇ ಉಬ್ಬು ಇಳಿಯುತ್ತಲೂ
ಕಟಕ್.
ಗಕ್ಕನೆ ಬ್ರೇಕು ತುಳಿದು, ಎರಡೂ ಕೈ ಮೇಲೆತ್ತಿ
'ಮೀ ಕಾಹೀ ಕೇಲಂ ನಾಹೀ' ಅಂದಳು,
ಪೊಲೀಸರೆದುರು ನಿಂತವಳ ಹಾಗೆ.
ಹಿಂದೆ ರಿಕ್ಷಾದವನ ಹಾರ್ನು, ಬೈಗುಳ.

ನಾನು ಕಲಿಸುವವಳು. ಹನ್ನೊಂದು ವರ್ಷದಿಂದ ಎಡಗಡೆಯೇ ಕೂತಿದ್ದೇನೆ,
ನನಗೆಂದೇ ಎರಡು ಪೆಡಲು, ಒಂದು ಅಂಗೈಯಗಲ ಕನ್ನಡಿ.
ಆ ಸದ್ದು ನನ್ನ ಪಾದದ ಕೆಳಗೇ ಹುಟ್ಟಿ ಬೆಳೆದಿರಬೇಕು,
ಅಕ್ಕಪಕ್ಕದ ಮನೆಯ ಜಗಳದಂತೆ
ಕೇಳಿ ಕೇಳಿ ಕೇಳದಾಗಿತ್ತು.

ರಾತ್ರಿ ಒಬ್ಬಳೇ ಓಡಿಸಿ ನೋಡಿದೆ. ಅದೇ ಓಣಿ, ಅದೇ ಉಬ್ಬು.
ಬೆಕ್ಕು ಕಟ್ಟೆ ಇಳಿದ ಹಾಗೆ ಇಳಿಯಿತು ಕಾರು.

ದೊಡ್ಡ ವರ್ಕ್‌ಶಾಪಿನ ಹುಡುಗ ತಾನೇ ಓಡಿಸಿ ಬಂದು
ಸದ್ದೇ ಇಲ್ಲ ಮೇಡಂ, ಎಂದ.
ಆದರೂ ಎರಡು ಶಾಕರ್ ಬದಲಿಸಿ
ಆರು ಸಾವಿರದ ಎಂಟುನೂರರ ಬಿಲ್ಲು ಕೊಟ್ಟ.
ಮರುದಿನ ಬೆಳಿಗ್ಗೆ ಏಳು, ಢಮಢೇರೆ ಬಾಯಿ, ಮೂರನೇ ಉಬ್ಬು,
ಕಟಕ್.
ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಡ ಅನ್ನುತ್ತಾನಂತೆ,
ನೀ ಮುಟ್ಟಿದ್ದೆಲ್ಲ ಸದ್ದು ಮಾಡುತ್ತದೆ.

ಫುರಸುಂಗಿಯ ರೈಲುಹಳಿ ಪಕ್ಕ ಲಾಡ್ಲೆಸಾಬನ ತಗಡಿನ ಶೆಡ್ಡು.
ಆಳಂದದ ಕಡೆಯವನು. ಟ್ರಕ್ಕಿನ ಟೈರು ಸಿಡಿದು
ಬಲಗಿವಿ ಹೋಗಿದೆ, ಎಡದ್ದೂ ಅಷ್ಟಕ್ಕಷ್ಟೇ.
ಉದ್ದನೆ ಸ್ಕ್ರೂಡ್ರೈವರಿನ ಹಿಡಿಕೆ ಹಲ್ಲಲ್ಲಿ ಕಚ್ಚಿ
ತುದಿಯನ್ನು ಸ್ಪ್ರಿಂಗಿಗೆ, ಆರ್ಮಿಗೆ, ಸ್ಟೀರಿಂಗ್ ರಾಡಿಗೆ ಒತ್ತಿ
ದವಡೆಯಿಂದ ಕೇಳುತ್ತಾನೆ.
ಬಾನೆಟ್ಟಿನ ಮೂಲೆ ಅದುಮಿ ಬಿಟ್ಟ. ಗಾಲಿ ಹಿಡಿದು ಅಲುಗಿಸಿದ.
ಎರಡೂ ಲಿಂಕ್ ರಾಡು ಬಿಚ್ಚಿ ಡಿಕ್ಕಿಗೆಸೆದು
'ಇಲ್ಲದ್ದು ಸದ್ದು ಮಾಡಂಗಿಲ್ಲ, ಹೋಗಿ ಬರ್ರಿ' ಎಂದ.
ಹೋಗಿ ಬಂದೆವು.
ಕಟಕ್ ನಮ್ಮ ಜೊತೆಗೇ ಹೋಗಿ ಬಂತು.

'ನೀ ಒಬ್ಬಾಕೇ ಹೊಡದಾಗ?' 'ಇಲ್ಲ.'
'ಈ ಬಾಯಿ ಹೊಡದಾಗ?' 'ಅದ.'
ಬೀಡಿ ಹಚ್ಚಿದ. ಗೂಡ್ಸ್ ಗಾಡಿಯೊಂದು
ಕೊನೆಯ ಡಬ್ಬಿಯವರೆಗೂ ಹೋಗಲಿ ಎಂದು ಸುಮ್ಮನಿದ್ದ.
'ಆವಾಗ ನೀ ಎಲ್ಲಿ ಕೂತಿರತಿ?'

ಎಡಕ್ಕೆ.
ನಾನು ಎಡಕ್ಕೆ. ನನ್ನ ಎಪ್ಪತ್ನಾಲ್ಕು ಕಿಲೋ ಎಡಕ್ಕೆ.

ಗುಂಡಿಗಿಳಿದು ಸರಳು ತೂರಿಸಿ ಮೀಟಿದ.
ಕೆಳಗಿನ ಆರ್ಮಿನ ಬುಶ್ಶು ಒಳಗೊಳಗೇ ಹರಿದಿತ್ತು,
ಹಳೇ ಚಪ್ಪಲಿಯ ಉಂಗುಟದ ಹಾಗೆ.
ಭಾರ ಬಿದ್ದಾಗಷ್ಟೇ ಕಬ್ಬಿಣಕ್ಕೆ ಕಬ್ಬಿಣ.
'ಹ್ವಾದ ಸರ್ತಿ ಯಾರೋ ಹೊಸಾದೇ ಹಾಕ್ಯಾರ.
ಆದ್ರ ಗಾಲಿ ಗಾಳ್ಯಾಗ ಜೋತಾಡುವಾಗ ಬೋಲ್ಟ್ ಬಿಗದಾರ.
ನೆಲಕ್ಕ ಇಳಿಸಿದ ದಿನದಿಂದ ಇದು
ತಿರುಚಿಕೊಂಡೇ ದುಡದದ, ಪಾಪ.'

ನಾನಾ ಪೇಠೆಯಿಂದ ಹುಡುಗ ಇಜಾಜ ಬುಶ್ಶು ತಂದಾಗ ಮೂರು ಗಂಟೆ.
ಪ್ರೆಸ್ಸಿನಲ್ಲಿ ಕೂಡಿಸಿ, ಬೋಲ್ಟನ್ನು ಬೆರಳಲ್ಲಷ್ಟೇ ತಿರುವಿ
ಜಾಕು ಇಳಿಸಿದ. ಗಾಲಿ ನೆಲ ಮುಟ್ಟಿತು.
'ಈಗ ಕೂಡ್ರಿ, ಇಬ್ಬರೂ. ದಿನಾ ಕೂಡುವ ಹಂಗ.
ಹೊರೋದು ಹೊತ್ತಮ್ಯಾಲ ಬಿಗೀತೀನಿ.'

ಕೂತೆವು. ಕಾರು ತುಸು ತಗ್ಗಿತು.
ಢಮಢೇರೆ ಬಾಯಿ ಬೆಲ್ಟು ಹಾಕಿದಳು, ಕನ್ನಡಿ ಸರಿಮಾಡಿದಳು,
ಎಲ್ಲಿಗೂ ಹೋಗದ ಕಾರಿನಲ್ಲಿ ನೆಟ್ಟಗೆ ಮುಂದೆ ನೋಡುತ್ತ
ಪರ್ಸಿನಿಂದ ಚಿಕ್ಕಿ ಮುರಿದು ನನಗರ್ಧ ಕೊಟ್ಟಳು.
ಕಾಲ ಕೆಳಗೆ ಪಾನಾ ಒಂದು ಸುತ್ತು, ಇನ್ನರ್ಧ,
ಆಮೇಲೆ ಲಾಡ್ಲೆಸಾಬನ ಕೆಮ್ಮು.

ಒಂದು. ಎರಡು. ಮೂರನೇ ಉಬ್ಬು.
ಗಕ್ಕನೆ ಬ್ರೇಕು. ಹಿಂದೆ ಹಾರ್ನು, ಬೈಗುಳ.
ಏನಾಯಿತು, ಕೇಳಿದೆ.
ಸ್ಟೀರಿಂಗ್ ಬಿಡದೆ, ಕತ್ತು ಮಾತ್ರ ನನ್ನತ್ತ ಹೊರಳಿಸಿ ಅಂದಳು:
'ಆವಾಜ್ ಕುಠೇ ಗೇಲಾ?'